ಮೋರಿಸ್ 8ಕ್ಕೆ ಸ್ಟ್ರೀಮ್‌ಲೈನ್ ಬಾಡಿ, ಐದು ಗೇರ್: ಎರಡೂ ಒಂದೇ ಲೆಕ್ಕ

ಪ್ರಶ್ನೆ: ನಮ್ಮದು ಜಮಖಂಡಿ. ಅಜ್ಜನ ಕಾಲದ 1936ರ ಮೋರಿಸ್ 8 ಹಿತ್ತಲ ಶೆಡ್ಡಿನಲ್ಲಿದೆ. ಚಾಸಿ, ಎಂಜಿನ್, ಮೂರು ಗೇರಿನ ಬಾಕ್ಸ್, ಹಿಂದಿನ ಆಕ್ಸಲ್ ಇವೆ. ಬಾಡಿಯ ಮರ ಗೆದ್ದಲಿಗೆ ಹೋಗಿದೆ, ತಗಡು ತುಕ್ಕಿಗೆ ಹೋಗಿದೆ. ಹೇಗೂ ಹೊಸ ಬಾಡಿ ಕಟ್ಟಬೇಕು. ಬೆಳಗಾವಿಯಲ್ಲಿ ಅಲ್ಯೂಮಿನಿಯಂ ತಗಡು ಬಡಿಸಿ, 1930ರ ದಶಕದ ಸ್ಟ್ರೀಮ್‌ಲೈನ್ ಕಾರುಗಳ ಥರ, ಗಾಳಿಗೆ ತಡೆಯಾಗದ ನಯವಾದ ಆಕಾರದಲ್ಲಿ ಮಾಡಿಸುವ ಆಸೆ. ಜೊತೆಗೆ ಮಾರುತಿ 800ರ ಐದು ಗೇರಿನ ಬಾಕ್ಸ್ ಕೂರಿಸಿ, ಧಾರವಾಡ ಹೆದ್ದಾರಿಯಲ್ಲಿ 80–90ರ ವೇಗದಲ್ಲಿ ಆರಾಮಾಗಿ ಓಡಿಸಬೇಕು ಅಂತಿದ್ದೇನೆ. ಆಗುತ್ತದೆಯೇ? ಮೊದಲು ಬಾಡಿ ಮಾಡಿಸಲೇ, ಗೇರ್‌ಬಾಕ್ಸ್ ಮಾಡಿಸಲೇ?

ಉತ್ತರ: ಮೆಕ್ಯಾನಿಕ್ ಕಣ್ಣಿಂದ ನೋಡಿದರೆ ಆಗುತ್ತದೆ. ಮಾರುತಿ 800ರ ಬಾಕ್ಸ್ ಮಾತ್ರ ಆಗುವುದಿಲ್ಲ. ಅದು ಮುಂದಿನ ಚಕ್ರ ತಿರುಗಿಸುವ ಗಾಡಿಯದು, ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಅದರ ಹೊಟ್ಟೆಯಲ್ಲೇ ಇದೆ. ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಉದ್ದ ಪ್ರೊಪೆಲ್ಲರ್ ಶಾಫ್ಟ್ ಜೋಡಿಸಲು ಅದರಲ್ಲಿ ಜಾಗವೇ ಇಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ.

ಬಾಡಿ ಮೊದಲೋ ಗೇರ್ ಮೊದಲೋ ಎಂದು ಕೇಳಿದ್ದೀರಿ. ಅವೆರಡನ್ನೂ ಬೇರೆ ಬೇರೆ ಕೆಲಸ ಎಂದು ನೋಡುವುದರಿಂದಲೇ ಇಂಥ ಎಷ್ಟೋ ಗಾಡಿಗಳು ಕೆಡುತ್ತವೆ. ಗಾಳಿಯ ತಡೆ ಎಷ್ಟು ಕಡಿಮೆಯಾಯಿತು ಎಂಬುದರ ಮೇಲೆ ಗೇರ್ ಅನುಪಾತ ಎಷ್ಟಿರಬೇಕು ಎಂಬುದು ನಿಂತಿದೆ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಎಂಜಿನ್ ಒದ್ದಾಡುತ್ತದೆ, ಇಲ್ಲವೇ ಸಿಡಿಯುತ್ತದೆ. ಲೆಕ್ಕ ಕೆಳಗೆ ಹಾಕಿ ತೋರಿಸುತ್ತೇನೆ.

ಅದಕ್ಕೂ ಮೊದಲು ಕಾಯಿದೆ. ಬೇಸರದ ವಿಷಯ, ಆದರೂ ಬಿಡುವಂತಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಅಂತಲೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹಾಗಿದ್ದರೆ ‘ವಿಎ’ ಅಕ್ಷರಗಳಿರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ, ಮರುನೋಂದಣಿಗೆ 5,000. ಆ ನಂಬರಿನ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ರಸ್ತೆಗೆ ತರಬಹುದು, ದಿನಾ ಓಡಿಸುವಂತಿಲ್ಲ. ಹಳೇ ಸಾಮಾನ್ಯ ಆರ್‌ಸಿ ಮೇಲೇ ಓಡಿಸುತ್ತೇನೆ ಅಂದರೆ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಅಡ್ಡ ಬರುತ್ತದೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸಬಾರದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿಸಿದರು.

ಅಂದರೆ ಸ್ಟ್ರೀಮ್‌ಲೈನ್ ಬಾಡಿ ಹೊತ್ತ ಮೋರಿಸ್ ಧಾರವಾಡ ಹೆದ್ದಾರಿಗೆ ಇಳಿಯುವಂತಿಲ್ಲ. ನಿಮ್ಮ ಆಸೆಗೆ ತಣ್ಣೀರು ಸುರಿಯುತ್ತಿಲ್ಲ, ದಾರಿ ಇದೆ. ಮೋರಿಸ್ 8ಕ್ಕೆ ಚಾಸಿ ಬೇರೆ, ಬಾಡಿ ಬೇರೆ. ಬಾಡಿ ಬೋಲ್ಟಿನ ಮೇಲೆ ಕೂರುತ್ತದೆ. ಚಾಸಿಗೆ ಒಂದೇ ಒಂದು ಹೊಸ ತೂತು ಹೊಡೆಯದೆ, ಮೂಲ ಬೋಲ್ಟುಗಳ ಮೇಲೇ ಕೂರುವ ಎರಡು ಬಾಡಿ ಮಾಡಿಸಬಹುದು. ಒಂದು 1936ರ ಮಾದರಿಯದು, ರಸ್ತೆಗೆ ಮತ್ತು ಆರ್‌ಟಿಒಗೆ. ಇನ್ನೊಂದು ನಿಮ್ಮ ಕನಸಿನದು, ಪ್ರದರ್ಶನಕ್ಕೆ ಮತ್ತು ಖಾಸಗಿ ಜಾಗದ ಓಟಕ್ಕೆ. ಪದ್ಮಿನಿ, ಅಂಬಾಸಿಡರ್ ಆಗಿದ್ದರೆ ಈ ಮಾತೇ ಇರುತ್ತಿರಲಿಲ್ಲ. ಅವುಗಳಲ್ಲಿ ಬಾಡಿಯೇ ಬೆನ್ನೆಲುಬು, ಚಾವಣಿ ಕೊಯ್ದರೆ ಗಾಡಿ ನಡು ಮುರಿಯುತ್ತದೆ. ಆ ಲೆಕ್ಕದಲ್ಲಿ ನೀವು ಅದೃಷ್ಟವಂತರು. ಗೇರ್‌ಬಾಕ್ಸ್ ಬದಲಿಸುವ ವಿಚಾರವನ್ನು ಮಾತ್ರ ಆರ್‌ಟಿಒದಲ್ಲಿ ಮುಂಚೆಯೇ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಏಜೆಂಟರ ಬಾಯಿಮಾತು ನಂಬಬೇಡಿ.

ಈಗ ಲೆಕ್ಕ. ನಿಮ್ಮ ಎಂಜಿನ್ 918 ಸಿಸಿ, ಸೈಡ್ ವಾಲ್ವ್, ಬೋರ್ 57 ಮಿಮೀ, ಸ್ಟ್ರೋಕ್ 90 ಮಿಮೀ. ಹೊಸದಿದ್ದಾಗ ಶಕ್ತಿ ಸುಮಾರು 23.5 ಅಶ್ವಶಕ್ತಿ. ಕಾರಿನ ಗರಿಷ್ಠ ವೇಗ ಗಂಟೆಗೆ 58 ಮೈಲಿ, ಅಂದರೆ 93 ಕಿಮೀ ಆಸುಪಾಸು. ಗಾಡಿ ಮತ್ತು ಜನ ಸೇರಿ 800 ಕೆಜಿ ಅಂದುಕೊಳ್ಳೋಣ. ನೆಟ್ಟಗೆ ನಿಂತ ಪೆಟ್ಟಿಗೆಯಂಥ ಹಳೇ ಬಾಡಿಗೆ, ಗಾಳಿಯ ಗುಣಾಂಕವನ್ನು (ಆಕಾರ ಗಾಳಿಗೆ ಎಷ್ಟು ತಡೆಯೊಡ್ಡುತ್ತದೆ ಎಂಬ ಅಂಕಿ) ಮುಂಭಾಗದ ವಿಸ್ತೀರ್ಣದಿಂದ ಗುಣಿಸಿದರೆ 1.1 ಚದರ ಮೀಟರ್ ಬರುತ್ತದೆ ಎಂದು ಹಿಡಿಯೋಣ. ಇದು ಅಂದಾಜು. ಆದರೆ ಈ ಅಂಕಿ ಹಾಕಿ ನೋಡಿದರೆ ಗರಿಷ್ಠ ವೇಗ ಸರಿಯಾಗಿ 93ರ ಹತ್ತಿರವೇ ಬಂದು ನಿಲ್ಲುತ್ತದೆ, ಹಾಗಾಗಿ ನಂಬಬಹುದು. ಚೆನ್ನಾಗಿ ಮಾಡಿದ ತಗ್ಗು ಬಾಡಿಯಲ್ಲಿ ಅದನ್ನು 0.7ಕ್ಕೆ ಇಳಿಸಬಹುದು. ಇಲ್ಲಿ ‘ಚೆನ್ನಾಗಿ’ ಅನ್ನುವುದು ದೊಡ್ಡ ಮಾತು.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಸ್ವಲ್ಪ ತೆಳು. ತಡೆಯೂ ಕಡಿಮೆ, ಎಂಜಿನ್ ಶಕ್ತಿಯೂ ಕಡಿಮೆ. ಅದನ್ನೂ ಸೇರಿಸಿದರೆ ಗಂಟೆಗೆ 80 ಕಿಮೀ ವೇಗದಲ್ಲಿ ಹಳೇ ಬಾಡಿ ಗಾಳಿಗೇ ಸುಮಾರು 6.6 ಕಿಲೋವ್ಯಾಟ್ ತಿನ್ನುತ್ತದೆ. ಹೊಸ ಬಾಡಿ 4.2. ಉಳಿತಾಯ ಮೂರು ಅಶ್ವಶಕ್ತಿಗಿಂತ ಜಾಸ್ತಿ. 23ರಲ್ಲಿ ಮೂರು ಅಂದರೆ ಕಡಿಮೆಯೇನಲ್ಲ. ಆದರೆ 40ರ ವೇಗದಲ್ಲಿ ಅದೇ ಉಳಿತಾಯ ಅರ್ಧ ಅಶ್ವಶಕ್ತಿಯೂ ಇಲ್ಲ. ಗಾಳಿಗೆ ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಜಮಖಂಡಿ ಪೇಟೆಯಲ್ಲಿ, ಕಬ್ಬಿನ ಟ್ರಾಕ್ಟರುಗಳ ಹಿಂದೆ, ಈ ಬಾಡಿ ನಿಮಗೆ ಏನನ್ನೂ ಉಳಿಸುವುದಿಲ್ಲ.

ಘಾಟಿನಲ್ಲಂತೂ ಗಾಳಿಯ ಮಾತೇ ಬೇಡ, ಅಲ್ಲಿ ತೂಕವೇ ರಾಜ. ಹದಿನೈದು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ 800 ಕೆಜಿ ಗಾಡಿಯನ್ನು ಎಳೆಯಲು, ಏರಿಗೆ ಮಾತ್ರ 520 ನ್ಯೂಟನ್‌ಗೂ ಹೆಚ್ಚು ಬಲ ಬೇಕು. 100 ಕೆಜಿ ಹಗುರ ಮಾಡಿದರೆ ಅದರಲ್ಲಿ ಸುಮಾರು 65 ನ್ಯೂಟನ್ ಉಳಿಯುತ್ತದೆ. ಅದೇ ಏರಿನಲ್ಲಿ 40ರ ವೇಗದಲ್ಲಿ ಸ್ಟ್ರೀಮ್‌ಲೈನ್ ಬಾಡಿ ಉಳಿಸುವುದು 27. ಬೆಳಗಾವಿ ಹತ್ತಿರದ ವಂಟಮುರಿ ಘಾಟಿನಲ್ಲಿ ಲಾರಿಗಳ ಹಿಂದೆ ತೆವಳುವಾಗ ಚೂಪು ಬಾಲಕ್ಕಿಂತ ತೆಳು ತಗಡೇ ನಿಮ್ಮ ಕೈ ಹಿಡಿಯುತ್ತದೆ.

ಇನ್ನು ಸಪಾಟು ರಸ್ತೆಗೆ ಬನ್ನಿ. ಅದೇ ಎಂಜಿನ್, ಅದೇ ಶಕ್ತಿ, 0.7ರ ಬಾಡಿ. ಗರಿಷ್ಠ ವೇಗ 109ರ ಹತ್ತಿರ ಹೋಗಬಲ್ಲದು. ಖುಷಿಯಾಯಿತಾ? ತಡೆಯಿರಿ. ಹಿಂದಿನ ಆಕ್ಸಲ್ ಅನುಪಾತ 5.4 ಇದೆ (ಟಾಪ್ ಗೇರಿನಲ್ಲಿ ಎಂಜಿನ್ 5.4 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು), ಚಕ್ರದ ಒಂದು ಸುತ್ತಿಗೆ ಗಾಡಿ 2.03 ಮೀಟರ್ ಹೋಗುತ್ತದೆ ಎಂದು ಹಿಡಿಯಿರಿ. ಟಾಪ್ ಗೇರಿನಲ್ಲಿ ಎಂಜಿನ್ 1,000 ಸುತ್ತು ತಿರುಗಿದರೆ ವೇಗ ಗಂಟೆಗೆ 22.5 ಕಿಮೀ. ಹಳೇ ಬಾಡಿಯಲ್ಲಿ 93 ಮುಟ್ಟಿದಾಗ ಎಂಜಿನ್ ನಿಮಿಷಕ್ಕೆ 4,100 ಸುತ್ತು ತಿರುಗುತ್ತಿತ್ತು. ಗಾಳಿಯೇ ಅದಕ್ಕೆ ಬ್ರೇಕು. ಹೊಸ ಬಾಡಿಯಲ್ಲಿ ಆ ಬ್ರೇಕು ಇಲ್ಲ. 109ಕ್ಕೆ 4,800 ದಾಟುತ್ತದೆ. 90 ಮಿಮೀ ಸ್ಟ್ರೋಕಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಆಗ ಸೆಕೆಂಡಿಗೆ 14.5 ಮೀಟರ್. ವೈಟ್ ಮೆಟಲ್ ಎಂಬ ಮೆದು ಲೋಹದ ಎರಕ ಹೊಯ್ದ ಬೇರಿಂಗುಗಳು ಅದನ್ನು ತಡೆಯುವುದಿಲ್ಲ. ಹೆದ್ದಾರಿಯಲ್ಲಿ ಬೇಗನೆ ಟಕಟಕ ಸದ್ದು ಶುರುವಾಗುತ್ತದೆ, ಆಮೇಲೆ ಟೋಯಿಂಗ್ ಗಾಡಿ ಕರೆಯಬೇಕು.

ಉಲ್ಟಾ ಮಾಡಿದರೆ? ಬಾಡಿ ಹಳೇದೇ ಇಟ್ಟು, ಆಕ್ಸಲ್ ಅನುಪಾತ ಮಾತ್ರ 4.5ಕ್ಕೆ ಇಳಿಸಿದರೆ 80ರಲ್ಲಿ ಎಂಜಿನ್ 3,550ರ ಬದಲು 2,950 ಸುತ್ತು ತಿರುಗುತ್ತದೆ. ಕೇಳಲು ಹಿತ. ಆದರೆ ಆ ಸುತ್ತಿನಲ್ಲಿ ಇಷ್ಟು ಚಿಕ್ಕ ಎಂಜಿನ್ನಿಗೆ ಪೆಟ್ಟಿಗೆ ಬಾಡಿಯನ್ನು ಗಾಳಿಯ ಎದುರು ತಳ್ಳುವ ಕಸುವು ಅಷ್ಟಕ್ಕಷ್ಟೆ. ಜೂನ್ ತಿಂಗಳ ಪಶ್ಚಿಮದ ಗಾಳಿ ಎದುರಾದರೆ ಸೆಕೆಂಡ್ ಗೇರಿಗೇ ಇಳಿಯಬೇಕು. ನಿಮಗಿರುವುದು ಮೂರೇ ಗೇರು. ಆಕ್ಸಲ್ ಬದಲಿಸಿದಾಗ ಮೂರೂ ಗೇರುಗಳು ಒಟ್ಟಿಗೇ ‘ಉದ್ದ’ವಾಗುತ್ತವೆ, ಅಂದರೆ ಅದೇ ವೇಗಕ್ಕೆ ಎಂಜಿನ್ ಸುತ್ತು ಕಡಿಮೆ, ಎಳೆಯುವ ಬಲವೂ ಕಡಿಮೆ. ಮೊದಲು ಸೆಕೆಂಡಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಫಸ್ಟ್ ಬೇಕು. ಫಸ್ಟಿನಲ್ಲಿ ಹತ್ತುತ್ತಿದ್ದ ಏರಿಗೆ ಕೆಳಗೆ ಇನ್ನೇನೂ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಹೀಗಿದೆ. ನಿಮಗೆ ಐದನೇ ಗೇರು ಬೇಡ, ನಾಲ್ಕು ಸಾಕು. ಕೆಳಗಿನ ಎರಡು ಗೇರು ಘಾಟಿಗೆ ತಕ್ಕ ಹಾಗೆ ‘ಗಿಡ್ಡ’ ಇರಲಿ. ಟಾಪ್ ಗೇರನ್ನು ಆಕ್ಸಲ್ ಅನುಪಾತದಿಂದ ಉದ್ದ ಮಾಡಿ. ಇದಕ್ಕೆ ಮೋರಿಸ್ ಮನೆತನದಲ್ಲೇ ಉತ್ತರವಿದೆ. 1938ರಲ್ಲಿ ಬಂದ ಮೋರಿಸ್ 8 ಸೀರೀಸ್ ಇ ಕಾರಿಗೆ ಕಂಪನಿಯೇ ನಾಲ್ಕು ಗೇರು ಕೊಟ್ಟಿತು. 1948ರ ಮೊದಲ ಮೋರಿಸ್ ಮೈನರಿನಲ್ಲಿ ಇದ್ದದ್ದೂ ಇದೇ 918 ಸಿಸಿ ಕುಲದ ಎಂಜಿನ್ನು, ಜೊತೆಗೆ ನಾಲ್ಕು ಗೇರು. ಅಂಥದ್ದೊಂದು ಬಾಕ್ಸ್ ಹುಡುಕಿ. ಕೊಳ್ಳುವ ಮೊದಲು ಬೆಲ್‌ಹೌಸಿಂಗ್ (ಬಾಕ್ಸನ್ನು ಎಂಜಿನ್ನಿಗೆ ಕೂಡಿಸುವ, ಕ್ಲಚ್ ಮುಚ್ಚುವ ಕವಚ) ತೂತುಗಳು, ಇನ್‌ಪುಟ್ ಶಾಫ್ಟಿನ ಉದ್ದ, ಹಿಂದಿನ ಮೌಂಟಿಂಗ್ ಅಳೆದು ನೋಡಿ. ಸಿಗಲಿಲ್ಲವೆಂದರೆ ಮಾರುತಿ ಓಮ್ನಿಯದು ನೋಡಬಹುದು. ಅದು ಹಿಂದಿನ ಚಕ್ರಕ್ಕೆ ಹೋಗುವ ನಾಲ್ಕು ಗೇರಿನ ಬಾಕ್ಸ್, ಚಿಕ್ಕದು, ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ. ಗಂಟೆಗೆ 110 ಮುಟ್ಟುವ ಆಸೆಯಿಂದ ದೊಡ್ಡ ಜೀಪಿನ ಬಾಕ್ಸ್ ಹಾಕುವವರೂ ಇದ್ದಾರೆ. ಸುಮ್ನೆ ಭಾರ.

ಯಾವ ಬಾಕ್ಸೇ ಇರಲಿ, ಮೊದಲು ನಿಮ್ಮ ಗಾಡಿಯ ಅನುಪಾತ ನೀವೇ ಅಳೆಯಿರಿ. ಪುಸ್ತಕದ ಅಂಕಿ ಬೇಡ, ಇಷ್ಟು ವರ್ಷಗಳಲ್ಲಿ ಯಾರು ಏನು ಬದಲಿಸಿದ್ದಾರೋ ಯಾರಿಗೆ ಗೊತ್ತು? ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ. ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕ್ ಮೇಲೆ ಎತ್ತಿ. ಇನ್ನೊಂದು ನೆಲದ ಮೇಲೇ ಇರಲಿ, ಅದಕ್ಕೂ ಮುಂದಿನ ಚಕ್ರಗಳಿಗೂ ಕಲ್ಲು ಕೊಡಿ. ಟಾಪ್ ಗೇರ್ ಹಾಕಿ. ಎತ್ತಿದ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಮುಂದೆ ಸ್ಟಾರ್ಟಿಂಗ್ ಹ್ಯಾಂಡಲ್ ತಿರುಗಿಸುತ್ತಾ ಎಣಿಸಿ. ಇಲ್ಲಿ ಎಲ್ಲರೂ ಎಡವುತ್ತಾರೆ. ಒಂದು ಚಕ್ರ ನೆಲ ಕಚ್ಚಿರುವುದರಿಂದ ಡಿಫರೆನ್ಷಿಯಲ್ ಎತ್ತಿದ ಚಕ್ರವನ್ನು ಇಮ್ಮಡಿ ತಿರುಗಿಸುತ್ತದೆ. ಆದ್ದರಿಂದ ಆ ಚಕ್ರ ಎರಡು ಸುತ್ತು ಬಂದಾಗ ಹ್ಯಾಂಡಲ್ ಎಷ್ಟು ಸುತ್ತಾಯಿತೋ ಅದೇ ಆಕ್ಸಲ್ ಅನುಪಾತ. ಒಂದೇ ಸುತ್ತಿಗೆ ಎಣಿಸಿ ‘2.7 ಬಂತು’ ಎಂದು ಗಾಬರಿಯಾಗಬೇಡಿ. ಸೆಕೆಂಡ್, ಫಸ್ಟ್ ಎರಡಕ್ಕೂ ಹೀಗೇ ಮಾಡಿ, ಬಂದ ಅಂಕಿಯನ್ನು ಟಾಪ್ ಅಂಕಿಯಿಂದ ಭಾಗಿಸಿದರೆ ಬಾಕ್ಸಿನ ಅನುಪಾತ ಸಿಗುತ್ತದೆ. ಆಮೇಲೆ ಗಾಡಿ ಕೆಳಗಿಳಿಸಿ, ಹತ್ತು ಸುತ್ತು ನೆಲದ ಮೇಲೆ ತಳ್ಳಿ, ಟೇಪ್ ಹಿಡಿದು ದೂರ ಅಳೆಯಿರಿ. ಟೈರಿನ ಲೆಕ್ಕವೂ ಮುಗಿಯಿತು.

ಹೊಸ ಕ್ರೌನ್-ಪಿನಿಯನ್ನು (ಹಿಂದಿನ ಆಕ್ಸಲ್ಲಿನ ಗೇರುಜೋಡಿ) ಅಥವಾ ಬಾಕ್ಸಿನ ಒಂದೆರಡು ಗೇರು ಮಾಡಿಸಬೇಕಾಗಿ ಬಂದರೆ ಬೆಳಗಾವಿಯ ಕೈಗಾರಿಕಾ ಪ್ರದೇಶಗಳಾದ ಉದ್ಯಮಬಾಗಕ್ಕೋ ಮಚ್ಛೆಗೋ ಹೋಗುತ್ತೀರಿ. ಎರಕಕ್ಕೂ ಮಷಿನಿಂಗಿಗೂ ಬೆಳಗಾವಿಯಂಥ ಊರು ನಮ್ಮ ಕಡೆ ಇನ್ನೊಂದಿಲ್ಲ. ಕೆಲಸಗಾರರ ಕೈ ಬಗ್ಗೆ ಅನುಮಾನ ಬೇಡ, ಆದರೆ ಹಲ್ಲು ಕಡಿಯುವ ಅವರ ಹಾಬ್ ಕಟ್ಟರುಗಳೆಲ್ಲ ಮೆಟ್ರಿಕ್ ಮಾಡ್ಯೂಲಿನವು (ಹಲ್ಲಿನ ಗಾತ್ರ ಮಿಲಿಮೀಟರಿನಲ್ಲಿ). ನಿಮ್ಮ ಗೇರುಗಳು ಇಂಗ್ಲಿಷರ ಡಿಪಿ ಲೆಕ್ಕದವು, ಅಂದರೆ ಗೇರಿನ ಒಂದು ಇಂಚು ವ್ಯಾಸಕ್ಕೆ ಎಷ್ಟು ಹಲ್ಲು ಎಂಬ ಲೆಕ್ಕ. 8 ಡಿಪಿ ಹಲ್ಲು ಮಾಡ್ಯೂಲ್ ಲೆಕ್ಕದಲ್ಲಿ 3.175 ಆಗುತ್ತದೆ. ‘ಹತ್ತಿರ ಹತ್ತಿರ ಮೂರು, ನಡೆಯುತ್ತೆ ಬಿಡ್ರಿ’ ಎಂದು ಯಾರಾದರೂ ಅಂದರೆ ಗೇರನ್ನು ವಾಪಸ್ ಕಿಸೆಗೆ ಹಾಕಿಕೊಂಡು ಎದ್ದು ಬನ್ನಿ. ಅದು ನಡೆಯುವುದಿಲ್ಲ, ಕಿರುಚುತ್ತದೆ, ಆಮೇಲೆ ಹಲ್ಲು ಉದುರುತ್ತದೆ. ಜೋಡಿಯ ಒಂದೇ ಗೇರು ಮಾಡಿಸುವುದಾದರೆ ಡಿಪಿ ಕಟ್ಟರೇ ಬೇಕು. ಎರಡನ್ನೂ ಹೊಸದಾಗಿ ಮಾಡಿಸಿ, ಶಾಫ್ಟುಗಳ ನಡುವಿನ ಅಂತರಕ್ಕೆ ಹೊಂದುವುದಾದರೆ ಮಾಡ್ಯೂಲ್ ಆದೀತು. ಉಕ್ಕು 20ಎಂಎನ್‌ಸಿಆರ್5 ಅಥವಾ ಇಎನ್ 353 ಇರಲಿ. ಮೇಲ್ಪದರವನ್ನು ಮಾತ್ರ ಗಡಸು ಮಾಡುವ ಕೇಸ್ ಹಾರ್ಡನಿಂಗ್ ಆಗಲೇಬೇಕು, ಮೇಲ್ಮೈ ಗಡಸುತನ 58–60 ರಾಕ್‌ವೆಲ್ ಸಿ ಬರಬೇಕು. ಸಾಮಾನ್ಯ ಇಎನ್ 8 ಉಕ್ಕಿನಲ್ಲಿ ಕಡಿದು ಹಾಗೇ ಕೊಟ್ಟ ಗೇರು ನೋಡಲು ಹೊಳೆಯುತ್ತದೆ, ಅಷ್ಟೆ.

ಬೇರೆ ಬಾಕ್ಸ್ ಕೂರಿಸುವಾಗ ಎಂಜಿನ್ ಮತ್ತು ಬಾಕ್ಸಿನ ನಡುವೆ ಅಡಾಪ್ಟರ್ ಪ್ಲೇಟ್ ಬರುತ್ತದೆ. ಪ್ಲೇಟ್ ಕತ್ತರಿಸುವುದು ಮಕ್ಕಳಾಟ, ನಡುಬಿಂದು ಕೂಡಿಸುವುದೇ ಕೆಲಸ. ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ, ಬೆಲ್‌ಹೌಸಿಂಗಿನ ಒಳ ಅಂಚಿನ ಸುತ್ತ ತಿರುಗಿಸಿ ನೋಡಿ. ಮುಳ್ಳು ಪೂರ್ತಿ ಸುತ್ತಿನಲ್ಲಿ 0.12 ಮಿಮೀಗಿಂತ ಜಾಸ್ತಿ ಆಡಬಾರದು. ಆಡಿದರೆ ಇನ್‌ಪುಟ್ ಶಾಫ್ಟು ದಿನಾ ಒಂದಿಷ್ಟು ಬಾಗುತ್ತಾ ನೇರವಾಗುತ್ತಾ ಇರುತ್ತದೆ. ಕ್ಲಚ್ ಜರ್ಕ್ ಹೊಡೆಯುತ್ತದೆ, ಟಾಪ್ ಗೇರು ತಾನಾಗಿ ಕಳಚುತ್ತದೆ, ಮಿಸ್ತ್ರಿ ಬಾಕ್ಸನ್ನೇ ಬೈಯುತ್ತಾನೆ. ಇನ್‌ಪುಟ್ ಶಾಫ್ಟಿನ ಮೂತಿ ಕೂರುವ, ಕ್ರ್ಯಾಂಕಿನ ತುದಿಯ ಸ್ಪಿಗಟ್ ಬುಷ್ ಹೊಸ ಶಾಫ್ಟಿನ ಅಳತೆಗೆ ಮಾಡಿಸಬೇಕು. ಕ್ಲಚ್ ಪ್ಲೇಟಿನ ನಡುವಿನ ಸ್ಪ್ಲೈನ್ (ಶಾಫ್ಟಿನ ಗಾಡಿಗಳಿಗೆ ಕೂರುವ ಹಲ್ಲು) ಹೊಸ ಬಾಕ್ಸಿನದು ಇರಬೇಕು. ಪ್ರೊಪೆಲ್ಲರ್ ಶಾಫ್ಟ್ ಕೊಯ್ದು ಉದ್ದ ಸರಿ ಮಾಡಿದ ಮೇಲೆ ಎರಡೂ ತುದಿಯ ಯೋಕುಗಳು (ಕೀಲು ಕೂರುವ ಕವಲುಗಳು) ಒಂದೇ ಸಾಲಿನಲ್ಲಿ ಇವೆಯೇ ನೋಡಿ, ಬ್ಯಾಲೆನ್ಸ್ ಮಾಡಿಸಿ.

ಇನ್ನೊಂದು ವಿಚಿತ್ರ ಗೊತ್ತಿರಲಿ. ಈ ಮೋರಿಸ್ ಎಂಜಿನ್ನುಗಳ ಬೋಲ್ಟಿನ ತಲೆ ಹಳೇ ಇಂಗ್ಲಿಷ್ ಅಳತೆಯ ವಿಟ್‌ವರ್ತ್ ಸ್ಪ್ಯಾನರಿಗೆ ಕೂರುತ್ತದೆ, ಎಳೆ ಮಾತ್ರ ಮೆಟ್ರಿಕ್. ಅದೂ ನಮ್ಮ ಅಂಗಡಿಯ ಮೆಟ್ರಿಕ್ ಅಲ್ಲ. 8 ಮಿಮೀ ಬೋಲ್ಟಿಗೆ ಪಿಚ್ (ಎಳೆಯಿಂದ ಎಳೆಗೆ ಅಂತರ) 1 ಮಿಮೀ, ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಎಂ8ಗೆ 1.25. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾದರೆ ಅಲ್ಲೇ ನಿಲ್ಲಿಸಿ. ಸ್ಪ್ಯಾನರಿಗೆ ಪೈಪ್ ಹಾಕಿ ತಿರುಗಿಸಿದರೆ ಬ್ಲಾಕಿನ ಎಳೆ ಹೋಗುತ್ತದೆ.

ಬಾಡಿಗೆ ಬರೋಣ. ಸ್ಟ್ರೀಮ್‌ಲೈನ್ ಅಂದರೆ ಗುಂಡಗೆ ಇರುವುದು ಎಂದು ತುಂಬ ಜನ ತಿಳಿದಿದ್ದಾರೆ. ಫೋಕ್ಸ್‌ವ್ಯಾಗನ್ ಬೀಟಲ್ ಎಷ್ಟು ಗುಂಡಗಿದೆ ಅಲ್ವಾ? ಅದರ ಗುಣಾಂಕ 0.48ರ ಸುತ್ತಮುತ್ತ. ಬರ್ಲಿನ್ನಿನಲ್ಲಿ 1921ರಲ್ಲಿ ತೋರಿಸಿದ ರುಂಪ್ಲರ್ ಕಾರು, ಮೇಲಿನಿಂದ ನೋಡಿದರೆ ಹನಿಯ ಆಕಾರದ್ದು. 1979ರಲ್ಲಿ ಫೋಕ್ಸ್‌ವ್ಯಾಗನ್ನಿನವರ ಗಾಳಿಸುರಂಗದಲ್ಲಿಟ್ಟು ಅಳೆದರೆ 0.28 ಬಂತು. ಅದಕ್ಕೆ ಬೀಟಲ್ಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತಡೆ! ವ್ಯತ್ಯಾಸ ಇರುವುದು ಮೂತಿಯಲ್ಲಲ್ಲ, ಬಾಲದಲ್ಲಿ. ಗಾಳಿ ಬಾಡಿಗೆ ಅಂಟಿಕೊಂಡೇ ಹಿಂದಿನ ತನಕ ಬಂದು ಮೆಲ್ಲಗೆ ಕೂಡಿಕೊಳ್ಳಬೇಕು. ಇಳಿಜಾರು ಕಡಿದಾದರೆ ಗಾಳಿ ನಡುವೆಯೇ ಕಿತ್ತುಕೊಂಡು ಹಿಂದೆ ಸುಳಿ ಎಬ್ಬಿಸುತ್ತದೆ, ಆ ಸುಳಿಯೇ ಗಾಡಿಯನ್ನು ಹಿಂದಕ್ಕೆಳೆಯುತ್ತದೆ. ಚಾವಣಿ ಮತ್ತು ಪಕ್ಕಗಳು 10–12 ಡಿಗ್ರಿಗಿಂತ ಜೋರಾಗಿ ಒಳಕ್ಕೆ ಬಾಗಬಾರದು. ಆ ಲೆಕ್ಕದಲ್ಲಿ ಬಾಲ ಚೂಪಾಗುವ ತನಕ ಎಳೆದರೆ ಮೋರಿಸ್ ಚಾಸಿಯ ಹಿಂದೆ ಇನ್ನೊಂದು ಮೋರಿಸ್ಸಿನಷ್ಟು ಉದ್ದ ಚಾಚುತ್ತದೆ. ಜರ್ಮನಿಯ ವುನಿಬಾಲ್ಡ್ ಕಾಮ್ 1930ರ ದಶಕದಲ್ಲಿ ಇದಕ್ಕೆ ಉಪಾಯ ಕಂಡುಕೊಂಡರು. ಸರಿಯಾದ ಇಳಿಜಾರಿನಲ್ಲೇ ಬನ್ನಿ, ಉದ್ದ ಸಾಕು ಎನಿಸಿದಲ್ಲಿ ನೆಟ್ಟಗೆ ಕತ್ತರಿಸಿಬಿಡಿ. ಲಾಭ ಬಹುಪಾಲು ಉಳಿಯುತ್ತದೆ. ನಿಮಗೂ ಅದೇ ದಾರಿ.

ಅಂದಹಾಗೆ ಚಿಕ್ಕ ಮಾದರಿ ಮಾಡಿ ಫ್ಯಾನ್ ಮುಂದೆ ಇಟ್ಟು ಅಳೆಯುವ ಆಟಕ್ಕೆ ಹೋಗಬೇಡಿ. ಚೆಕ್‌ನವರ ಟಾಟ್ರಾ 87 ಕಾರಿನ ಐದನೇ ಒಂದು ಅಳತೆಯ ಮಾದರಿ 0.24 ತೋರಿಸಿತ್ತು. ಅಸಲಿ ಕಾರು ಮುಂದೆ ಗಾಳಿಸುರಂಗದಲ್ಲಿ 0.36 ತೋರಿಸಿತು. ಮಾದರಿಗೆ ಬಾಗಿಲ ಸಂದು, ಕೆಳಗಿನ ಸೈಲೆನ್ಸರ್, ರೇಡಿಯೇಟರಿನ ಗಾಳಿ ಯಾವುದೂ ಇರುವುದಿಲ್ಲ. ಅದರ ಬದಲು ಬಾಡಿಯ ಹಂದರಕ್ಕೆ ತೆಳು ಪ್ಲೈವುಡ್ಡೋ ಕಾರ್ಡ್‌ಬೋರ್ಡೋ ಹೊದಿಸಿ, ಬೆರಳುದ್ದದ ಉಣ್ಣೆ ಎಳೆಗಳನ್ನು ಸಾಲಾಗಿ ಅಂಟಿಸಿ. ಯಾರದಾದರೂ ಖಾಸಗಿ ರಸ್ತೆಯಲ್ಲಿ 50ರಲ್ಲಿ ಓಡಿಸಿ, ಪಕ್ಕದ ಗಾಡಿಯಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿಸಿ. ಎಳೆ ಬಾಡಿಗೆ ಒರಗಿ ಹಿಂದಕ್ಕೆ ಮಲಗಿದ್ದರೆ ಗಾಳಿ ಅಂಟಿಕೊಂಡಿದೆ. ಎಳೆ ಎದ್ದು ಕುಣಿಯುತ್ತಿದ್ದರೆ, ಮುಂದಕ್ಕೆ ತಿರುಗುತ್ತಿದ್ದರೆ ಅಲ್ಲಿ ಕಿತ್ತುಕೊಂಡಿದೆ. ಆ ಜಾಗವನ್ನು ಕಾರ್ಡ್‌ಬೋರ್ಡಿನಲ್ಲೇ ತಿದ್ದಿ. ತಗಡು ಬಡಿದ ಮೇಲೆ ತಿದ್ದುವುದೆಂದರೆ ದುಡ್ಡು.

ನಿಮ್ಮ ಯೋಜನೆಯಲ್ಲಿ ನನಗೆ ನಿಜಕ್ಕೂ ಹೆದರಿಕೆ ಇರುವುದು ರೇಡಿಯೇಟರಿನದು. ಮೋರಿಸ್ 8ರಲ್ಲಿ ನೀರಿನ ಪಂಪ್ ಇಲ್ಲ. ಬಿಸಿ ನೀರು ತಾನಾಗಿ ಮೇಲೇರಿ, ತಣಿದು ಕೆಳಗಿಳಿಯುತ್ತದೆ, ಅಷ್ಟೇ ಅದರ ವ್ಯವಸ್ಥೆ. ಆ ಎತ್ತರದ ರೇಡಿಯೇಟರನ್ನು ತಗ್ಗಿಸಿ ಮೂತಿಯೊಳಗೆ ತುರುಕಿದರೆ ನೀರಿನ ಓಟವೇ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ವಿಜಯಪುರದ ಕಡೆ ಒಮ್ಮೆ ಹೋಗಿಬಂದರೆ ಗೊತ್ತಾಗುತ್ತದೆ. ರೇಡಿಯೇಟರ್ ಎತ್ತರ ಹಾಗೇ ಇರಲಿ, ಮೂತಿಯ ಗೆರೆಯನ್ನು ಅದಕ್ಕೆ ತಕ್ಕಂತೆ ಎಳೆಯಿರಿ. ಗಾಳಿ ಒಳಬರುವ ಬಾಯಿ ರೇಡಿಯೇಟರಿನ ಮೂರನೇ ಒಂದು ಭಾಗ ಇದ್ದರೂ ಸಾಕು, ಆದರೆ ಬಾಯಿಯಿಂದ ರೇಡಿಯೇಟರಿನ ತನಕ ಸುತ್ತಲೂ ಸಂದಿಲ್ಲದ ಡಕ್ಟ್ ಬೇಕು. ಸಂದು ಸಿಕ್ಕಿದರೆ ಗಾಳಿ ಅತ್ತ ನುಸುಳುತ್ತದೆ, ರೇಡಿಯೇಟರಿನೊಳಗೆ ಹೋಗುವುದಿಲ್ಲ. ಹೊರಹೋಗುವ ದಾರಿ ಒಳಬರುವುದಕ್ಕಿಂತ ದೊಡ್ಡದಿರಲಿ. ಬಿಸಿ ಗಾಳಿ ಹೋಗಲಿ ಎಂದು ವಿಂಡ್‌ಶೀಲ್ಡಿನ ಬುಡದಲ್ಲಿ ಸೀಳು ಮಾಡುವವರಿದ್ದಾರೆ. ಅಲ್ಲಿ ಗಾಳಿಯ ಒತ್ತಡ ಜಾಸ್ತಿ, ಗಾಳಿ ಹೊರಹೋಗುವ ಬದಲು ಒಳಗೇ ನುಗ್ಗುತ್ತದೆ. ಬಾನೆಟ್ಟಿನ ಪಕ್ಕದಲ್ಲಿ ಸೀಳಿ.

ತಗಡಿಗೆ 18 ಗೇಜ್, ಅಂದರೆ ಸುಮಾರು 1.2 ಮಿಮೀ ಅಲ್ಯೂಮಿನಿಯಂ ಸಾಕು. ಚದರ ಮೀಟರಿಗೆ 3.2 ಕೆಜಿ ಬರುತ್ತದೆ. 20 ಗೇಜ್ ಉಕ್ಕಿನ ತಗಡು 7 ಕೆಜಿ ದಾಟುತ್ತದೆ. 3003 ಮಿಶ್ರಲೋಹ, ಅರೆಗಡಸು ಹದದ್ದು ಕೇಳಿ ತನ್ನಿ. ಬಡಿಯುತ್ತಾ ಬಡಿಯುತ್ತಾ ಅದು ಗಡುಸಾಗುತ್ತದೆ, ಸುತ್ತಿಗೆಯ ಸದ್ದು ಬದಲಾಗುತ್ತದೆ. ಆಗ ಮತ್ತೆ ಕಾಸಿ ಮೆದು ಮಾಡಬೇಕು. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗುವುದಿಲ್ಲ, 660 ಡಿಗ್ರಿಗೆ ಸುಳಿವೇ ಕೊಡದೆ ಕರಗಿ ತೂತು ಬೀಳುತ್ತದೆ. ಅದಕ್ಕೇ ಹಳೇ ತಗಡಿನ ಮಿಸ್ತ್ರಿಗಳು ಬಟ್ಟೆ ಸಾಬೂನು ಒರೆಸಿ ಗ್ಯಾಸ್ ಹಿಡಿಯುತ್ತಾರೆ. ಸಾಬೂನಿನ ಗೆರೆ ಕಂದಾಗಿ ಕಪ್ಪಿಗೆ ತಿರುಗಿತೆಂದರೆ ಜ್ವಾಲೆ ತೆಗೆಯಬೇಕು. ಈ ಕೆಲಸ ಬಲ್ಲ ಕೈಗಳು ಬಸ್ ಬಾಡಿ ಕಟ್ಟುವ ಕಡೆ ಇನ್ನೂ ಸಿಗುತ್ತವೆ. ವಿಚಾರಿಸಿ, ಅವರಿಗೆ ಅವಸರ ಮಾಡಬೇಡಿ. ಕುಂದಾ ಡಬ್ಬಿ ಕೊಟ್ಟರೂ ತಗಡು ಬೇಗ ಬಾಗುವುದಿಲ್ಲ.

ಒಳಗಿನ ಹಂದರಕ್ಕೆ ತೆಳು ಉಕ್ಕಿನ ಕೊಳವೆ ಹಾಕಿ. ಮಿಲಾನಿನ ಟೂರಿಂಗ್ ಕಂಪನಿ 1936ರಲ್ಲಿ ಪೇಟೆಂಟ್ ಮಾಡಿಸಿದ ವಿಧಾನವೂ ಇದೇ, ಸಣ್ಣ ಕೊಳವೆಗಳ ಪಂಜರದ ಮೇಲೆ ಅಲ್ಯೂಮಿನಿಯಂ ಹೊದಿಕೆ. ಉಕ್ಕು ಅಲ್ಯೂಮಿನಿಯಮ್ಮನ್ನು ನೇರವಾಗಿ ಮುಟ್ಟಬಾರದು. ಬೆಳಗಾವಿಯ ಮಳೆಗಾಲದಲ್ಲಿ ಅವೆರಡರ ನಡುವೆ ನೀರು ನಿಂತರೆ ತಗಡು ಬಿಳಿ ಪುಡಿಯಾಗಿ ಉದುರುತ್ತದೆ. ಮುಟ್ಟುವ ಕಡೆಯೆಲ್ಲ ರಬ್ಬರ್ ಪಟ್ಟಿಯೋ ಟೇಪೋ ಇರಲಿ. ಫೈಬರ್ ಬಾಡಿಯ ಬಗ್ಗೆ ನೀವು ಕೇಳಿಲ್ಲ, ನಾನೂ ಶಿಫಾರಸು ಮಾಡುವುದಿಲ್ಲ. 1936ರ ಚಾಸಿಯ ಮೇಲೆ ಫೈಬರ್ ನೋಡಲು ನನಗೆ ಮನಸ್ಸಾಗುವುದಿಲ್ಲ, ಅಷ್ಟೇ ಕಾರಣ.

ಬ್ರೇಕಿನ ಮಾತು ಚಿಕ್ಕದು. ನಿಮ್ಮ ಗಾಡಿಗಿರುವುದು 8 ಇಂಚಿನ ಡ್ರಮ್ಮಿನ ಹೈಡ್ರಾಲಿಕ್ ಬ್ರೇಕು. ಆ ಕಾಲಕ್ಕೆ ಒಳ್ಳೆಯದೇ. ಆದರೆ ಗಾಳಿಯ ತಡೆ ಕಡಿಮೆಯಾದ ಗಾಡಿ ಆಕ್ಸಿಲರೇಟರ್ ಬಿಟ್ಟರೂ ನಿಲ್ಲದೆ ಜಾರುತ್ತಲೇ ಇರುತ್ತದೆ. ಉದ್ದ ಗೇರಿನಿಂದ ಎಂಜಿನ್ ಬ್ರೇಕಿಂಗೂ ಕಡಿಮೆ. ಹೊಸ ಸಿಲಿಂಡರ್ ಕಪ್ಪುಗಳು, ಹೊಸ ಪೈಪು, ಹೊಸ ಲೈನಿಂಗ್ ಎಲ್ಲವೂ ಬಾಡಿಗಿಂತ ಮೊದಲೇ ಆಗಲಿ. ಅಡ್ಡಗಾಳಿಗೆ ಉದ್ದ ನಯವಾದ ಬಾಡಿಗಳು ಪಕ್ಕಕ್ಕೆ ಎಳೆಯುತ್ತವೆ. ಟಾಟ್ರಾದವರು ಬೆನ್ನ ಮೇಲೆ ರೆಕ್ಕೆ ಇಟ್ಟಿದ್ದು ಸುಮ್ನೆ ಚೆಂದಕ್ಕಲ್ಲ. ಬಾಲ ಕತ್ತರಿಸಿದ ನಿಮ್ಮ ಬಾಡಿ 80ರೊಳಗೆ ಅಷ್ಟು ಕಾಡಲಿಕ್ಕಿಲ್ಲ, ಆದರೂ ಮೊದಲ ಓಟ ಗಾಳಿಯಿಲ್ಲದ ಬೆಳಗ್ಗೆಯೇ ಇರಲಿ.

ಗೇರ್‌ಬಾಕ್ಸ್ ಎಣ್ಣೆಗೆ ಜಿಎಲ್-4 ದರ್ಜೆಯದು ಹಾಕಿ. ಮೂಲ ಬಾಕ್ಸಿನಲ್ಲಿ ಕಂಚಿನ ಬುಷ್‌ಗಳಿವೆ, ಕೆಲವು ಜಿಎಲ್-5 ಎಣ್ಣೆಗಳ ರಾಸಾಯನಿಕ ಅವನ್ನು ತಿನ್ನುತ್ತದೆ.

ಸದ್ಯಕ್ಕೆ ತಗಡನ್ನೂ ಬಾಕ್ಸನ್ನೂ ಕೊಳ್ಳಬೇಡಿ. ಹ್ಯಾಂಡಲ್ ಸುತ್ತಿನ ಮೂರು ಅಂಕಿ, ಹತ್ತು ಸುತ್ತಿನ ದೂರ, ಮತ್ತು ಕ್ರೌನ್-ಪಿನಿಯನ್ ಬಿಚ್ಚಿದ್ದರೆ ಅವುಗಳ ಹಲ್ಲಿನ ಎಣಿಕೆ ಬರೆದು ಕಳಿಸಿ. ಜೊತೆಗೆ ಗಾಡಿ ಹೆಚ್ಚಾಗಿ ಯಾವ ರಸ್ತೆಗೆ, ಎಷ್ಟು ಜನರೊಂದಿಗೆ ಎಂಬುದನ್ನೂ ತಿಳಿಸಿ. ಟಾಪ್ ಗೇರು ಎಷ್ಟು ಉದ್ದ ಇರಬೇಕು ಎಂದು ಆಗ ಸರಿಯಾಗಿ ಹೇಳಬಲ್ಲೆ.